ಬೆನ್ನ ಹಿಂದೆ ಕೈ ಕಟ್ಟುವ ಮೇಸ್ಟ್ರು

ನಮ್ಮ ಮನೆಯಿಂದ ಯಾರೇ ಹೊರಟರೂ ನಮ್ಮ ಮಾವ ಬಾಗಿಲ ತನಕ ಬರುತ್ತಾರೆ. ಆದರೆ ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡೇ ನಿಲ್ಲುತ್ತಾರೆ. ಕೈ ಕುಲುಕುವುದಿಲ್ಲ, ಭುಜ ತಟ್ಟುವುದಿಲ್ಲ, ಭಾರದ ಚೀಲ ಹಿಡಿದು ಒದ್ದಾಡುವವರಿಗೂ ಒಂದು ಕೈ ಕೊಡುವುದಿಲ್ಲ. ಹೊಸಬರು ಇದನ್ನು ಗತ್ತು ಅಂದುಕೊಳ್ಳುತ್ತಾರೆ. "ನಿಮ್ಮ ಮಾವನೋರಿಗೆ ಸ್ವಲ್ಪ ಜಂಬ ಅಲ್ವಾ?" ಎಂದು ನನ್ನನ್ನೇ ಕೇಳಿದವರಿದ್ದಾರೆ. ಜಂಬವಂತೆ! ಆ ಮನುಷ್ಯ ಈ ಬೀದಿಯಲ್ಲಿ ತಲೆ ಎತ್ತಿ ನಡೆದದ್ದನ್ನು ನಾನು ನೋಡಿ ಬಹಳ ಕಾಲವಾಯಿತು.

ಮದುವೆಯ ಮಾತುಕತೆಯಲ್ಲಿ ನಮಗೆ ಹೇಳಿದ್ದು, ಹುಡುಗನ ಅಪ್ಪ ಸರ್ಕಾರಿ ಮೇಸ್ಟ್ರು ಎಂದು. ಸುಳ್ಳೇನಲ್ಲ. ಯಾವ ಶಾಲೆ ಎಂದು ನಾವು ಕೇಳಲಿಲ್ಲ, ಅವರೂ ಹೇಳಲಿಲ್ಲ. ನಾನು ಸೊಸೆಯಾಗಿ ಬಂದ ಮೇಲೆ ಗೊತ್ತಾಯಿತು, ಅವರು ಜೈಲಿನ ಕೈದಿಗಳಿಗೆ ಬಡಗಿ ಕೆಲಸ ಕಲಿಸುವ ಮೇಸ್ಟ್ರು. ಯಾಕೆ ಮುಚ್ಚಿಟ್ಟಿರಿ ಎಂದು ಅತ್ತೆಯನ್ನು ಕೇಳಿದೆ. "ನಮ್ಮೆಜಮಾನ್ರು ಜೈಲಲ್ಲಿದ್ದಾರೆ ಅಂದ್ರೆ, ಮುಂದಿನ ಮಾತು ಕೇಳೋಕೆ ಯಾರಮ್ಮ ನಿಲ್ತಾರೆ?" ಎಂದರು ಅತ್ತೆ.

ಆ ಮನೆಯಲ್ಲಿ ನನ್ನನ್ನು ಮೊದಲು ಬೆಚ್ಚಿಬೀಳಿಸಿದ್ದು ಅಡುಗೆಮನೆಯ ಗೋಡೆ. ಸೌಟು, ಜರಡಿ, ಚಾಕು, ಕತ್ತರಿ, ಎಲ್ಲಕ್ಕೂ ಒಂದೊಂದು ಮೊಳೆ. ಪ್ರತಿ ಮೊಳೆಯ ಕೆಳಗೂ ಆ ಸಾಮಾನಿನ ಆಕಾರವನ್ನೇ ಕೆಂಪು ಬಣ್ಣದಲ್ಲಿ ಬರೆದಿತ್ತು. ಸೌಟು ತೆಗೆದರೆ ಗೋಡೆಯ ಮೇಲೆ ಅದರ ದೆವ್ವ ಉಳಿಯುತ್ತಿತ್ತು. ಹಜಾರದಲ್ಲಿ ಮಾವನ ಸ್ವಂತ ಹತಾರಗಳಿಗೂ ಇಂಥದ್ದೇ ಒಂದು ಹಲಗೆ. ಮಗಳ ಮನೆಗೆ ಹೋದಾಗ ಅಲ್ಲಿಯೂ ಬಣ್ಣದ ಡಬ್ಬಿ ತೆಗೆದರಂತೆ, ಅಳಿಯ ಕೈಮುಗಿದು ತಡೆದನಂತೆ.

ಇದು ಜೈಲಿನ ಕಾರ್ಯಾಗಾರದ ರೂಢಿ. ಉಳಿ, ಗರಗಸ, ಸುತ್ತಿಗೆ ಎಂದರೆ ಹೊರಗೆ ಹತಾರ, ಒಳಗೆ ಆಯುಧ. ಸಂಜೆ ಸೈರನ್ ಆದಕೂಡಲೇ ಎಲ್ಲವೂ ಹಲಗೆಯ ಮೇಲೆ ತಮ್ಮ ತಮ್ಮ ಆಕಾರ ಸೇರಬೇಕು. ಒಂದು ಆಕಾರ ಖಾಲಿ ಕಂಡರೂ ಬಾಗಿಲಿಗೆ ಅಗಳಿ ಬೀಳುತ್ತಿತ್ತು. ಕೈದಿಗಳು ಗೋಡೆಗೆ ಮುಖ ಮಾಡಿ, ಕೈ ಎತ್ತಿ, ತುಟಿ ಪಿಟಕ್ಕೆನ್ನದೆ ನಿಲ್ಲಬೇಕು. ಎಣಿಕೆ ಮುಗಿಯುವ ತನಕ ಮಾತಾಡುವಂತಿಲ್ಲ. ಮಾವ ಬರುವುದಕ್ಕೆ ಮುಂಚೆ ಇಂಥ ದಿನ ಲಾಠಿ ಬೀಸುತ್ತಿದ್ದರಂತೆ, ಸಿಕ್ಕಿಬಿದ್ದವನನ್ನು ಕತ್ತಲೆ ಕೋಣೆಗೆ ತಳ್ಳುತ್ತಿದ್ದರಂತೆ. ಮಾವ ಮೇಲಿನವರ ಜೊತೆ ಗುದ್ದಾಡಿ ಅದನ್ನು ನಿಲ್ಲಿಸಿದರು. ಕಾವಲುಗಾರರ ಒರಟು ಕೈ ಬೇಡ ಎಂದು, ಒಬ್ಬೊಬ್ಬರನ್ನೂ ಕಂಕುಳಿನಿಂದ ಪಾದದ ತನಕ ತಾವೇ ತಡವಿ ನೋಡುತ್ತಿದ್ದರು. ಒಂದು ಉಳಿ ಕಳೆದರೂ ಶಾಲೆಯನ್ನೇ ಮುಚ್ಚಿಸಲು ಕಾದು ಕೂತವರಿದ್ದರು. ಹಾಗಾಗಿ ಆ ಎಣಿಕೆಯಲ್ಲಿ ಮಾವ ಒಂದು ದಿನವೂ ಮೈಮರೆಯಲಿಲ್ಲ.

ಶಾಲೆ ನಡೆಯಿತು. ಅಲ್ಲಿ ಕಲಿತು ಹೊರಬಂದ ಎಷ್ಟೋ ಜನ ಕಿಟಕಿ ಬಾಗಿಲು ಮಾಡಿ ಹೊಟ್ಟೆ ಹೊರೆಯುತ್ತಿದ್ದರು. ಮಾವನನ್ನು ಸಭೆಗಳಿಗೆ ಕರೆಯತೊಡಗಿದರು. ಮೈಕು ಸಿಕ್ಕರೆ ಅವರನ್ನು ಹಿಡಿಯುವವರಿರಲಿಲ್ಲ. "ಸೊಟ್ಟ ಮರ ಸಿಕ್ತು ಅಂತ ಒಲೆಗೆ ಹಾಕೋನು ಬಡಗಿ ಅಲ್ಲ ಸ್ವಾಮಿ, ಅಡುಗೆಯವನು!" ಎಂಬುದು ಅವರ ಖಾಯಂ ಮಾತು. ಅದನ್ನು ಕೇಳಿ ಕೇಳಿ ಅತ್ತೆಗೆ ಕಿವಿ ತೂತು ಬಿದ್ದಿತ್ತು.

ಆ ಶಾಲೆಯ ಕೊನೆಯ ತಂಡದಲ್ಲಿ ಒಬ್ಬನಿದ್ದ. ಜೈಲಿನಲ್ಲಿ ಅವನಿಗೆ ಮುಂಗೋಪಿ ಎಂದು ಹೆಸರಿಟ್ಟಿದ್ದರು. ಎಲ್ಲರೆದುರು ಕೆನ್ನೆಗೆ ಹೊಡೆದ ಯಜಮಾನನ ಮೇಲೆ ಹಲಗೆ ಬೀಸಿ, ಆತನ ಒಂದು ಕಣ್ಣು ತೆಗೆದು ಬಂದವನು. ಅದು ಸಣ್ಣ ತಪ್ಪೇನಲ್ಲ, ಅವನೂ ಅದನ್ನು ಸಣ್ಣದೆಂದು ಎಂದೂ ಹೇಳಲಿಲ್ಲ. ಆದರೆ ಮರದ ಮುಂದೆ ಕೂತರೆ ಅವನ ಕೋಪ ಇಳಿಯುತ್ತಿತ್ತು. ಊಟಕ್ಕೆ ಕೂತಾಗ ಮಾವ ಸ್ವಂತ ಮಗನಿಗಿಂತ ಹೆಚ್ಚಾಗಿ ಅವನ ಸುದ್ದಿ ಹೇಳುತ್ತಿದ್ದರು. "ಅವನು ಕೂರಿಸಿದ ಕೀಲಿನ ಸಂದಿಯಲ್ಲಿ ಕೂದಲು ತೂರಲ್ಲ ಕಣೇ" ಎನ್ನುತ್ತಿದ್ದರು.

ಅವನ ಶಿಕ್ಷೆ ಮುಗಿದ ವರ್ಷವೇ ಮಾವನೂ ನಿವೃತ್ತರಾದರು. ಮುಂಗೋಪಿ ಕೆಲಸ ಕೇಳಿಕೊಂಡು ಊರೆಲ್ಲ ಅಲೆದ. ಎಲ್ಲಿ ಕಲಿತೆ ಎಂದು ಕೇಳಿದರೆ ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಿದ್ದ. ಅಲ್ಲಿಗೆ ಮಾತು ಮುಗಿಯುತ್ತಿತ್ತು. ಮಾವ ಅವನನ್ನು ಕರೆಸಿ, "ಮೊದಲನೇ ಕೆಲಸ ನನ್ನ ಮನೇದೇ. ಅಡುಗೆಮನೆಗೊಂದು ಕಪಾಟು ಮಾಡು. ನಾಲ್ಕು ಜನ ನೋಡ್ಲಿ" ಎಂದರು. ಅವರ ಲೆಕ್ಕಾಚಾರದಲ್ಲಿ ಆ ನಾಲ್ಕು ಜನರೆಂದರೆ ಮುಖ್ಯವಾಗಿ ಬೀದಿಯ ತುದಿಯ ಬೇಕರಿ ಅಕ್ಕ. ಆಕೆ ಅಂಗಡಿ ದೊಡ್ಡದು ಮಾಡುತ್ತಿದ್ದಳು. ಬಾಗಿಲು, ಕಟ್ಟೆ, ಗೋಡೆಯುದ್ದದ ಗೂಡುಗಳು, ಎಲ್ಲ ಮರದ ಕೆಲಸವೂ ಒಬ್ಬನಿಗೇ ಸಿಕ್ಕಿದರೆ ಅವನು ಸ್ವಂತ ಶೆಡ್ಡು ಹಿಡಿದು ಕಾಲೂರಬಹುದಿತ್ತು. "ಕಪಾಟು ಮುಗೀಲಿ, ಬಂದು ನೋಡ್ತೀನಿ ಮೇಸ್ಟ್ರೇ. ಕಪಾಟನ್ನಲ್ಲ, ಮನುಷ್ಯನ್ನ" ಎಂದಿದ್ದಳು ಬೇಕರಿ ಅಕ್ಕ.

ಅವನು ಕೆಲಸಕ್ಕೆ ಬಂದ ಮೊದಲ ದಿನ ನನ್ನ ಗಂಡ ಗೂಟಕ್ಕೆ ಸಿಕ್ಕಿಸಿದ್ದ ಕೈಗಡಿಯಾರವನ್ನು ಮೆಲ್ಲಗೆ ಡ್ರಾಯರಿಗೆ ಸೇರಿಸಿದರು. ಮಾವ ನೋಡಿಬಿಟ್ಟರು. "ನಾಚಿಕೆ ಆಗಲ್ವೇನೋ ನಿನಗೆ?" ಎಂದು ಗದರಿ, ಗಡಿಯಾರವನ್ನು ಮತ್ತೆ ಗೂಟಕ್ಕೇ ಸಿಕ್ಕಿಸಿದರು. ನನ್ನ ಗಂಡನ ಮುಖ ಹುಳ್ಳಗಾಯಿತು. ನನಗೆ ಆ ದಿನ ಮಾವನ ಮೇಲೆ ಬಹಳ ಹೆಮ್ಮೆಯಾಯಿತು.

ಕಪಾಟು ಎದ್ದು ನಿಂತಿತು. ಬಾಗಿಲು ಒಂದು ಬೆರಳಿಗೆ ತೆರೆದು, ಸದ್ದಿಲ್ಲದೆ ಮುಚ್ಚುತ್ತಿತ್ತು. ಮುಗಿದ ದಿನ ಸಂಜೆ ಮಾವ ಬೇಕರಿ ಅಕ್ಕನನ್ನೂ ಎದುರುಮನೆಯ ಇನ್ಶೂರೆನ್ಸಿನವರನ್ನೂ ಇನ್ನಿಬ್ಬರು ನೆರೆಯವರನ್ನೂ ಕರೆದರು. ಜನ ಬರುತ್ತಾರೆಂದು ಅತ್ತೆ ಹಜಾರ ಗುಡಿಸಿ, ಹತಾರದ ಹಲಗೆಯ ಮೂಲೆಯಲ್ಲಿ ತಾವೇ ನೇತುಹಾಕಿದ್ದ ಸಂತೆ ಚೀಲವನ್ನು ತೆಗೆದು ಒಳಗಿಟ್ಟರು. ಕೆಲವು ತಿಂಗಳಿಂದ ಆ ಮೊಳೆ ಬರಿದಾಗಿತ್ತೆಂದು ಅವರು ಚೀಲ ತೂಗುಹಾಕಿದ್ದರು, ಅಷ್ಟೇ.

ಬೇಕರಿ ಅಕ್ಕ ಕಪಾಟಿನ ಬಾಗಿಲನ್ನು ಮತ್ತೆ ಮತ್ತೆ ತೆಗೆದು ಹಾಕಿದಳು. ಮುಂಗೋಪಿಯ ಊರು, ಊಟ, ತಾಯಿಯ ಆರೋಗ್ಯ ಎಲ್ಲ ವಿಚಾರಿಸಿದಳು. "ಸೋಮವಾರ ಬಂದು ಅಳತೆ ತಗೊಳ್ಳಪ್ಪ" ಎಂದಳು. ಅವನು ಮೊದಲ ಸಲ ನಮ್ಮ ಮನೆಯಲ್ಲಿ ಹಲ್ಲು ಕಾಣುವಂತೆ ನಕ್ಕ. ಚಹಾ ಮುಗಿಯಿತು. ಅವನು ಹತಾರದ ಚೀಲ ಹೆಗಲಿಗೇರಿಸಿ ಹೊರಟ. ಸರಿಯಾಗಿ ಆಗಲೇ ಹಿಂದಿನ ಬೀದಿಯ ಕಾರ್ಖಾನೆಯ ಸೈರನ್ ಕೂಗಿತು.

ಮಾವ ತಲೆ ಎತ್ತಿ ಹಲಗೆ ನೋಡಿದರು. ಮೂಲೆಯಲ್ಲಿ ಒಂದು ಉಳಿಯ ಕೆಂಪು ಆಕಾರ ಖಾಲಿ ಇತ್ತು. ಅವರು ಬಾಗಿಲಿಗೆ ಹೋಗಿ ಅಗಳಿ ಹಾಕಿದರು. "ಉಳಿ ಕಮ್ಮಿ ಇದೆ. ಯಾರೂ ಹೊರಗೆ ಹೋಗಬಾರದು" ಎಂದರು. ಇನ್ಶೂರೆನ್ಸಿನವರು ತಮಾಷೆ ಎಂದುಕೊಂಡು ಹೋ ಎಂದು ನಕ್ಕರು.

ಮುಂಗೋಪಿ ನಗಲಿಲ್ಲ. ಚೀಲವನ್ನು ನೆಲಕ್ಕಿಟ್ಟು, ಗೋಡೆಗೆ ಮುಖ ಮಾಡಿ, ಎರಡೂ ಕೈ ಎತ್ತಿದ. ಮಾವ ಅವನ ಹಿಂದೆ ನಿಂತು ಕಂಕುಳಿನಿಂದ ಪಾದದ ತನಕ ತಡವಿದರು. ಆಮೇಲೆ ಬಗ್ಗಿ ಚೀಲ ಬಿಚ್ಚಿದರು. ಹಿಡಿಗೆ ತಾಮ್ರದ ಬಳೆ ತೊಡಿಸಿದ ಒಂದು ಉಳಿ ಅವರ ಕೈಗೆ ಬಂತು. ಮಾವ ಉಳಿ ಹಿಡಿದು ಕಲ್ಲಿನಂತೆ ನಿಂತರು. ಮುಂಗೋಪಿ ತಿರುಗಿ, ಅವರ ಕೈಯಿಂದ ಉಳಿ ತೆಗೆದುಕೊಂಡು, ಹಲಗೆಯ ಮೊಳೆಗೆ ತೂಗುಹಾಕಿದ. ಕೆಂಪು ಗೆರೆಯೊಳಗೆ ಅದು ಸರಿಯಾಗಿ ಕೂತಿತು. ಅಗಳಿ ತೆಗೆದು ಹೊರಟುಹೋದ.

"ನಾಯಿ ಬಾಲ ಯಾವತ್ತಿದ್ರೂ ಡೊಂಕೇ" ಎಂದರು ಇನ್ಶೂರೆನ್ಸಿನವರು. ಬೇಕರಿ ಅಕ್ಕ ಚಪ್ಪಲಿ ಮೆಟ್ಟಿಕೊಂಡಳು. ಮಾವ ಬಾಯಿ ತೆರೆದರು, ಮುಚ್ಚಿದರು.

ಊಟಕ್ಕೆ ಕೂತಾಗ ತಟ್ಟೆಯತ್ತ ಮುಖ ತಗ್ಗಿಸಿಕೊಂಡೇ ಹೇಳಿದರು. "ಆ ಉಳಿ ನಾನೇ ಕೊಟ್ಟಿದ್ದು. ಅವನ ಬಿಡುಗಡೆ ದಿನ, ಗೇಟಿನ ಹೊರಗೆ. ಇದು ಇನ್ಮೇಲೆ ನಿಂದು, ಯಾರಿಗೂ ಲೆಕ್ಕ ಕೊಡಬೇಕಾಗಿಲ್ಲ ಅಂದಿದ್ದೆ."

ನನ್ನ ಕೈಯ ತುತ್ತು ಕೈಯಲ್ಲೇ ಉಳಿಯಿತು. ಅತ್ತೆ ಸಿಡಿದರು. "ಅಲ್ಲೇ ಹೇಳೋಕೆ ನಿಮ್ಮ ಬಾಯಿಗೇನಾಗಿತ್ತು? ಸಭೇಲಾದ್ರೆ ಮೈಕು ಕಿತ್ಕೋಬೇಕು! ಆಚಾರ ಹೇಳೋಕೆ, ಬದನೆಕಾಯಿ ತಿನ್ನೋಕೆ!"

"ನಾಚಿಕೆ ಆಯ್ತು ಕಣೇ" ಎಂದರು ಮಾವ. "ಹೇಳಿದ್ರೆ ಎಲ್ಲರೆದುರಿಗೆ ನನ್ನ ಮರ್ಯಾದೆ ಹೋಗುತ್ತಲ್ಲ ಅಂತ ಅನ್ನಿಸಿಬಿಡ್ತು."

"ಅಡಿಕೆಗೆ ಹೋದ ಮಾನ ಆನೆ ಕೊಟ್ರೂ ಬರಲ್ಲ ಅಂತಾರೆ. ಇಲ್ಲಿ ಹೋಗಿದ್ದು ನಿಮ್ಮದಲ್ಲ ರೀ, ಅವನದು!"

ನನ್ನ ಗಂಡ ಎದ್ದು ಕೈ ತೊಳೆಯಲು ಹೋದರು. ಗೂಟದ ಮೇಲಿನ ಗಡಿಯಾರದ ಕಡೆ ಒಮ್ಮೆ ನೋಡಿದರು, ಅಪ್ಪನಿಗೆ ಏನೂ ಹೇಳಲಿಲ್ಲ. ಹೇಳಿದ್ದರೇ ಚೆನ್ನಾಗಿತ್ತೇನೋ.

ಮರುದಿನ ಮಾವನನ್ನು ನನ್ನ ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹೋದೆ. ಉಳಿಯನ್ನು ಬಟ್ಟೆಯಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡಿದ್ದರು. ಮುಂಗೋಪಿ ಒಂದು ಮರದ ಅಡ್ಡೆಯ ಹಿಂದಿನ ಕೋಣೆಯಲ್ಲಿದ್ದ. ಹಾಸಿಗೆ ಸುತ್ತಿ ಗೋಡೆಗೊರಗಿಸಿ, ಅದೇ ಜಾಗದಲ್ಲಿ ಒಂದು ಸ್ಟೂಲಿನ ಕಾಲು ಕೆತ್ತುತ್ತಿದ್ದ. ಮಾವ ಉಳಿ ಮುಂದೆ ಚಾಚಿ, "ತಪ್ಪಾಯ್ತಪ್ಪ" ಎಂದರು.

ಅವನು ಉಳಿಯನ್ನು ಮುಟ್ಟಲಿಲ್ಲ. ಕೋಪವನ್ನೂ ಮಾಡಲಿಲ್ಲ. "ತಡವಿದ್ದು ಎಲ್ಲರೆದುರಿಗೆ ಮೇಸ್ಟ್ರೇ. ಕೊಡೋದು ಮಾತ್ರ ಇಲ್ಲಿ, ಯಾರೂ ಇಲ್ಲದ ಕಡೇನಾ?" ಎಂದ.

"ನೀನಾದ್ರೂ ಅಲ್ಲೇ ಒಂದು ಮಾತು ಹೇಳಬಾರದಿತ್ತಾ?" ಎಂದು ನಾನು ಬಾಯಿ ಹಾಕಿದೆ.

"ಎಣಿಕೆ ಮುಗಿಯೋ ತನಕ ಮಾತಾಡೋ ಹಾಗಿಲ್ಲ ಅಕ್ಕಾ" ಎಂದ. ಹೇಳಿದ ಮೇಲೆ ತನಗೇ ಅದು ಕೇಳಿಸಿತೇನೋ, ಮುಖ ಆಚೆ ತಿರುಗಿಸಿಕೊಂಡ. ನಮಗೆ ಅಲ್ಲಿ ನಿಲ್ಲಲಾಗಲಿಲ್ಲ.

ಅಂದೇ ನೆರೆಯವರನ್ನು ಕರೆಯಬಹುದಿತ್ತು. ಬೇಕರಿ ನಮ್ಮ ಮನೆಯಿಂದ ಕೂಗಳತೆಯ ದೂರ. ಮಾವ ಚಪ್ಪಲಿ ಹಾಕಿಕೊಂಡು ಗೇಟಿನ ತನಕ ಹೋಗುವುದು, ವಾಪಸು ಬರುವುದು, ಇದೇ ಆಯಿತು. ನಾಳೆ, ನಾಳೆ ಎಂದು ವಾರ ಕಳೆಯಿತು. ಅತ್ತೆ ಬೈದರು, ಆಮೇಲೆ ಬೈಯುವುದನ್ನೂ ಬಿಟ್ಟರು. ಕೊನೆಗೊಂದು ಸಂಜೆ ನಾನು ಬ್ರೆಡ್ ತರಲು ಹೋದರೆ, ಬೇರೆ ಯಾವನೋ ಬಡಗಿ ಅಲ್ಲಿ ಟೇಪು ಹಿಡಿದು ಗೋಡೆ ಅಳೆಯುತ್ತಿದ್ದ. ಮನೆಗೆ ಬಂದು ಮಾವನಿಗೆ ಹೇಳಿದೆ. ಅವರು ಕುರ್ಚಿಯಿಂದ ಎದ್ದು ನೇರ ಬೇಕರಿಗೆ ನಡೆದರು. ಎಲ್ಲರನ್ನೂ ಭಾನುವಾರಕ್ಕೆ ಕರೆದು ಬಂದರು. ಮುಂಗೋಪಿಯ ಕೋಣೆಗೂ ತಾವೊಬ್ಬರೇ ಹೋಗಿ ಬಂದರು.

ಭಾನುವಾರ ಅದೇ ಜನ, ಅದೇ ಹಜಾರ. ಮುಂಗೋಪಿ ಬಾಗಿಲ ಹತ್ತಿರವೇ ನಿಂತಿದ್ದ, ಕೂರು ಎಂದರೂ ಕೂರಲಿಲ್ಲ. ಮಾವ ಹಲಗೆಯಿಂದ ಉಳಿ ತೆಗೆದರು. ಒಲೆಯ ಮಾತು, ಅಡುಗೆಯವನ ಮಾತು ಯಾವುದೂ ಆ ದಿನ ಬರಲಿಲ್ಲ.

"ಇವನು ಕದ್ದಿಲ್ಲ. ಇದನ್ನ ನಾನೇ ಇವನಿಗೆ ಕೊಟ್ಟಿದ್ದೆ. ಮರೆತೆ ಅಂದ್ರೆ ಸುಳ್ಳಾಗುತ್ತೆ. ದಿನಾ ಇವನ ಕೈಯಲ್ಲಿ ನೋಡ್ತಾನೇ ಇದ್ದೆ. ತಲೆಗೆ ಗೊತ್ತಿತ್ತು, ಈ ಕೈಗಳಿಗೆ ಗೊತ್ತಿರಲಿಲ್ಲ. ಆಮೇಲೆ ಗೊತ್ತಾದಾಗ ಬಾಯಿ ಬಿಡಲಿಲ್ಲ. ಅದು ಕೈ ಮಾಡಿದ ತಪ್ಪಲ್ಲ, ನಾನು ಮಾಡಿದ್ದು."

ಇನ್ಶೂರೆನ್ಸಿನವರು ತಮ್ಮ ಲೋಟದ ತಳ ನೋಡುತ್ತಿದ್ದರು. ಬೇಕರಿ ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡು, "ಕೆಲಸ ಬೇರೆಯವರಿಗೆ ಒಪ್ಪಿಸಿಬಿಟ್ಟೆನಲ್ಲಪ್ಪ. ಒಂದು ವಾರದ ಹಿಂದೆ ಹೇಳಿದ್ರೆ..." ಎಂದು ಅರ್ಧಕ್ಕೇ ನಿಲ್ಲಿಸಿದಳು. ಮಾವನ ತಲೆ ಇನ್ನೂ ಕೆಳಗಿಳಿಯಿತು.

ಮುಂಗೋಪಿ ಉಳಿ ತೆಗೆದುಕೊಂಡ. ಹೆಬ್ಬೆರಳಿನಿಂದ ಅದರ ಬಾಯಿ ಸವರಿ ನೋಡಿ ಚೀಲಕ್ಕೆ ಹಾಕಿದ. "ಪರವಾಗಿಲ್ಲ ಅಕ್ಕಾ, ಮುಂದೆ ಏನಾದ್ರೂ ಇದ್ರೆ ಹೇಳಿ" ಎಂದ. ಮಾವನಿಗೆ, "ಬರ್ತೀನಿ ಮೇಸ್ಟ್ರೇ" ಎಂದ. ಅವನನ್ನು ಕಳಿಸಿಕೊಡಲು ಮಾವ ಅವನ ಹಿಂದೆಯೇ ಬಾಗಿಲ ತನಕ ನಡೆದರು. ಭುಜ ತಟ್ಟಬೇಕು ಅನ್ನಿಸಿರಬೇಕು, ಕೈ ಮುಂದೆ ಮಾಡಿದರು.

ಬೆನ್ನ ಹಿಂದೆ ಆ ಕೈ ಬಂದದ್ದು ತಿಳಿಯುತ್ತಲೇ ಮುಂಗೋಪಿ ಹೊಸ್ತಿಲಲ್ಲಿ ನಿಂತುಬಿಟ್ಟ. ಚೀಲ ಕೆಳಗಿಟ್ಟ. ಅವನ ಎರಡೂ ಕೈಗಳು ತಾವಾಗಿಯೇ ಮೇಲೇಳತೊಡಗಿದವು. ಕಿವಿಯ ತನಕ ಬಂದ ಮೇಲೆ ಅವನಿಗೇ ಅರಿವಾಗಿ, ಗಬಕ್ಕನೆ ಇಳಿಸಿ, ಚೀಲ ಎತ್ತಿಕೊಂಡು ಮೆಟ್ಟಿಲಿಳಿದ. ಅಗಳಿ ತೆಗೆದೇ ಇತ್ತು, ಬಾಗಿಲು ಹಾರುಹೊಡೆದಿತ್ತು, ಬೀದಿಯ ತುಂಬ ಬಿಸಿಲಿತ್ತು.

ಮಾವ ತಮ್ಮ ಕೈಗಳನ್ನು ಹಿಂದಕ್ಕೆಳೆದುಕೊಂಡು ಬೆನ್ನಿಗೆ ಕಟ್ಟಿದರು. ಅವನು ಬೀದಿ ತಿರುಗುವ ತನಕ ಹಾಗೇ ನಿಂತಿದ್ದರು.