ಮಾಸ್ಟರಮ್ಮನ ಎಡಗೈ

ಹೊಲಿಗೆ ಅಂಗಡಿಯಲ್ಲಿ ಬಟ್ಟೆ ಕತ್ತರಿಸುವವರನ್ನು ಮಾಸ್ಟರ್ ಎನ್ನುತ್ತಾರೆ. ಹೆಂಗಸಾದ್ದರಿಂದ ಆಕೆ ಮಾಸ್ಟರಮ್ಮ. ಮೂವತ್ತೆಂಟು ವರ್ಷ ಒಂದೇ ಮೇಜಿನ ಮುಂದೆ ನಿಂತು ಕತ್ತರಿ ಆಡಿಸಿದವಳು. ತೋಳಿನ ತಿರುವನ್ನು ಒಂದೇ ಉಸಿರಿಗೆ ಕತ್ತರಿಸಿ, ಮುಗಿದ ಕೂಡಲೇ ಗುಟುಕ್ಕೆಂದು ಎಂಜಲು ನುಂಗುವುದು ಆಕೆಯ ಚಾಳಿ. “ಮಾಸ್ಟರಮ್ಮಂಗೆ ಬಟ್ಟೆ ನೋಡಿದ್ರೇ ಬಾಯಲ್ಲಿ ನೀರೂರತ್ತೆ” ಎಂದು ಹೊಲಿಯುವವರು ರೇಗಿಸುತ್ತಿದ್ದರು. ಆಕೆಯೂ ನಗುತ್ತಿದ್ದಳು. ಯಾಕೆಂದು ಮಾತ್ರ ಬಾಯಿಬಿಟ್ಟಿರಲಿಲ್ಲ.

ಆಕೆ ಹುಟ್ಟು ಎಡಚಿ. ಅದು ಅಪ್ಪನ ಕಣ್ಣಿಗೆ ಬಿದ್ದದ್ದು ಅವಳಿಗೆ ಐದು ವರ್ಷವಾದಾಗ. ಅಂದೇ ಕಿಟಕಿಯ ಅಂಚಿನಲ್ಲಿ ಒಂದು ಮರದ ಅಡಿಕೋಲು, ಪಕ್ಕದಲ್ಲಿ ಒಂದು ಪೆಪ್ಪರ್‌ಮೆಂಟ್ ಡಬ್ಬಿ ಬಂದು ಕೂತವು. ಎಡಗೈಯಲ್ಲಿ ಬಳಪ ಹಿಡಿದರೆ ಗೆಣ್ಣಿನ ಮೇಲೆ ಏಟು, ಬಲಗೈಯಲ್ಲಿ ಹಿಡಿದರೆ ನಾಲಿಗೆಯ ಮೇಲೆ ಪೆಪ್ಪರ್‌ಮೆಂಟ್. ಬೈಗುಳವಿಲ್ಲ, ಕೂಗಾಟವಿಲ್ಲ. ಆರು ತಿಂಗಳಲ್ಲಿ ಮಗು ದಾರಿಗೆ ಬಂತೆಂದು ನೆಂಟರೆಲ್ಲ ಅಪ್ಪನ ಬೆನ್ನು ತಟ್ಟಿದರು. ಮಗುವಿನ ಗೆಣ್ಣನ್ನು ಯಾರೂ ನೋಡಲಿಲ್ಲ, ಪುಣ್ಯಾತ್ಮರು.

ಹೋದ ವರ್ಷ ಒಂದು ಬೆಳಿಗ್ಗೆ ಸ್ಟ್ರೋಕ್ ಆಗಿ ಆ ಬಲಗೈ ಬಿದ್ದುಹೋಯಿತು. “ಹುಟ್ಟಿನಿಂದ ನಿಮ್ಮದು ಎಡಗೈಯೇ ಅಲ್ವಾ, ಅದೃಷ್ಟವಂತರು” ಎಂದರು ವಿಷಯ ತಿಳಿದ ಡಾಕ್ಟರು. ಅದೃಷ್ಟವಂತೆ! ಎಡಗೈಯಲ್ಲಿ ಚಮಚ ಎತ್ತಿದರೆ ಸಾಕು, ಕಣ್ಣು ತಾನಾಗಿ ಬಾಗಿಲ ಕಡೆ ಹೊರಳುತ್ತಿತ್ತು, ಬೆರಳು ನಡುಗಿ ಗಂಜಿ ಮಡಿಲಿಗೆ ಚೆಲ್ಲುತ್ತಿತ್ತು.

“ಅಮ್ಮಾ, ತಾತ ಹೋಗಿ ಇಪ್ಪತ್ತು ವರ್ಷ ಆಯ್ತು. ಯಾರನ್ನ ನೋಡ್ತೀಯ?” ಎಂದಳು ಮಗಳು.

“ನಂಗೊತ್ತು ಕಣೇ. ಕೈಗೆ ಗೊತ್ತಿಲ್ವಲ್ಲ.”

ಅಂಗಡಿಯ ಯಜಮಾನರು ಒಳ್ಳೆಯವರೇ. ಮನೆಗೇ ಬಂದು ಹೇಳಿದರು: “ಈ ತಿಂಗಳ ಕೊನೆವರೆಗೂ ಕಾಯ್ತೀನಿ, ಮಾಸ್ಟರಮ್ಮ. ಆಮೇಲೆ ಬೇರೆಯವರನ್ನ ನೋಡ್ಲೇಬೇಕಾಗತ್ತೆ.” ಆ ಮೇಜು ಹೋದರೆ ತನ್ನದೆನ್ನುವುದು ಏನೂ ಉಳಿಯುವುದಿಲ್ಲ ಎಂದು ಆಕೆಗೆ ಗೊತ್ತಿತ್ತು.

ಮಾಮೂಲಿ ಕತ್ತರಿ ಎಡಗೈಗೆ ಬಗ್ಗುವುದಿಲ್ಲ, ಬಟ್ಟೆ ಕತ್ತರಿಸುವ ಬದಲು ಮಡಚಿ ಹಾಕುತ್ತದೆ. ಮಗಳು ಊರೆಲ್ಲ ಅಲೆದು ಎಡಗೈಯವರ ಕತ್ತರಿ ತಂದಳು. ದಿನವೂ ಊಟದ ಮೇಜಿನ ಮೇಲೆ ಹಳೇ ಪೇಪರಿನ ರಾಶಿ, ಎದುರಿಗೆ ಬಣ್ಣ ಹಚ್ಚುತ್ತಾ ಐದು ವರ್ಷದ ಮೊಮ್ಮಗಳು. ಮೊದಲ ವಾರ ಮಾಸ್ಟರಮ್ಮ ಕತ್ತರಿಸುವ ಪ್ರತಿ ಗೆರೆಗೂ ಬಾಗಿಲು ನೋಡಿದಳು. ಎರಡನೆಯ ವಾರ ಎರಡು ಗೆರೆಗೊಮ್ಮೆ. ಮೊಮ್ಮಗಳು ಅದನ್ನು ಆಟವೆಂದುಕೊಂಡು ತಾನೂ ಬಾಗಿಲ ಕಡೆ ತಿರುಗುತ್ತಿತ್ತು.

ಗಡುವಿಗೆ ಒಂದೇ ದಿನ ಉಳಿದಿದ್ದಾಗ ಮಾಸ್ಟರಮ್ಮ ಪೇಪರು ಬಿಟ್ಟು ನಿಜವಾದ ಬಟ್ಟೆ ಹರವಿದಳು. ಸೀಮೆಸುಣ್ಣದಲ್ಲಿ ತೋಳಿನ ತಿರುವು ಬರೆದು ಕತ್ತರಿ ಇಟ್ಟಳು. ಕತ್ತರಿ ಎಲ್ಲೂ ತಡೆಯದೆ ತುದಿ ಮುಟ್ಟಿತು. ಬಾಗಿಲು ನೋಡಿರಲಿಲ್ಲ. ಎಂಜಲೂ ನುಂಗಿರಲಿಲ್ಲ. ಪೆಪ್ಪರ್‌ಮೆಂಟಿನ ರುಚಿಯಿಲ್ಲದೆ ಬಾಯಿ ಸಪ್ಪಗಿತ್ತು, ಆ ಸಪ್ಪೆಯೇ ಎಷ್ಟು ಹಿತವಾಗಿತ್ತೆಂದರೆ ಕತ್ತರಿ ಕೆಳಗಿಡುವಾಗ ಆಕೆಗೆ ಅಳು ಬಂತು.

“ಅಜ್ಜೀ, ನೋಡಿಲ್ಲಿ! ನಾನೂ ನಿನ್ ಥರಾನೇ!”

ಮೊಮ್ಮಗಳು ಸೀಮೆಸುಣ್ಣವನ್ನು ಎಡಗೈಯಲ್ಲಿ ಹಿಡಿದು ಬಟ್ಟೆಯ ಮೇಲೆ ಗೆರೆ ಎಳೆಯುತ್ತಿತ್ತು.

ಪಟ್ಟೆಂದು ಸದ್ದಾಯಿತು. ಸದ್ದು ಕೇಳಿದ ಮೇಲೆಯೇ ಆಕೆಗೆ ತಾನು ಹೊಡೆದದ್ದು ಗೊತ್ತಾಗಿದ್ದು. ಸರಿಯಾಗಿ ಗೆಣ್ಣಿನ ಮೇಲೆ. ಹೊಡೆದದ್ದು ಎಡಗೈ, ಅದು ಒಂದಿಷ್ಟೂ ನಡುಗಿರಲಿಲ್ಲ.

ಮಗು ಅಳಲಿಲ್ಲ. ಬಿದ್ದ ಸೀಮೆಸುಣ್ಣವನ್ನು ಬಲಗೈಗೆ ತೆಗೆದುಕೊಂಡು ಸೊಟ್ಟ ಗೆರೆಯೊಂದನ್ನು ಎಳೆದು, ಅಜ್ಜಿಯ ಮುಖ ನೋಡಿತು.

“ಈಗ ಸರೀನಾ?”

“ಇಲ್ಲ ಕಂದಾ, ಇಲ್ಲ. ಮೊದಲಿಂದೇ ಸರಿ. ನಂದೇ ತಪ್ಪು. ಕೊಡು, ಆ ಕೈ ಕೊಡಿಲ್ಲಿ.” ಆಕೆ ಅಂಗಲಾಚಿದಳು, ಎಡಗೈ ಚಾಚಿದಳು.

ಮಗು ಬಾಗಿಲ ಕಡೆ ನೋಡಿತು. ಆಮೇಲೆ ತನ್ನ ಎಡಗೈಯನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡಿತು.