ಆರ್ಫಾ ಟಿಲ್ಸನ್ನಳ ವಿಷದ ಒರತೆ

ನೆವಾಡಾದ ಮರಳುಗಾಡಿನಲ್ಲಿ, ಕ್ಯಾಲಿಫೋರ್ನಿಯಾಕ್ಕೆ ಹೋಗುವ ಗಾಡಿದಾರಿಯ ಪಕ್ಕದಲ್ಲೇ ನಮ್ಮ ಒರತೆ ಇದೆ. ಮುಂದೆ ನಲವತ್ತು ಮೈಲಿ ಹೋದರೂ ಹನಿ ನೀರಿಲ್ಲ. ಈ ನೆಲದ ಮೂಲನಿವಾಸಿಗಳಾದ ಪಾಯೂಟ್ ಜನ ತಲೆತಲಾಂತರದಿಂದ ಕುಡಿಯುತ್ತಿದ್ದ ನೀರು. ಅವರನ್ನು ಯಾರೂ ಕೇಳಲಿಲ್ಲ. ಅದಕ್ಕೆ ವಿಷವೆಂಬ ಹೆಸರು ಕಟ್ಟಿದವನು ಆರ್ಫಾ ಟಿಲ್ಸನ್ನಳ ಗಂಡ ಎಜ್ರಾ.

೧೮೫೦ರಲ್ಲಿ ಗಂಡಹೆಂಡತಿ ಇಲ್ಲಿಗೆ ಬಂದಾಗ, ಎರಡು ದಿನದಿಂದ ನೀರು ಕಾಣದ ಎತ್ತುಗಳು ಹೊಟ್ಟೆ ಬಿರಿಯುವಷ್ಟು ಕುಡಿದು ಅಲ್ಲೇ ಸತ್ತವು. ಎಜ್ರಾನಿಗೆ ತಲೆ ಕೆಟ್ಟುಹೋಯಿತು. ಅಲ್ಲಿ ಬಿದ್ದಿದ್ದ ಎತ್ತಿನ ಬುರುಡೆಯೊಂದರ ಮೇಲೆ ಕೀಲೆಣ್ಣೆಯಿಂದ 'ವಿಷ, ಕುಡಿಯಬೇಡಿ' ಎಂದು ಬರೆದು ನಿಲ್ಲಿಸಿದ. ಹಿಂದೆ ಬರುವವರಿಗೆ ಹೀಗೆ ಬುರುಡೆಯ ಮೇಲೆ ಸುದ್ದಿ ಬರೆದಿಡುವುದು ಗಾಡಿಯವರ ಪದ್ಧತಿ. ಹೇಸರಗತ್ತೆ ತರುತ್ತೇನೆಂದು ನಡೆದುಹೋದವನು ತಿರುಗಿ ಬರಲಿಲ್ಲ. ಆರ್ಫಾ ಅದೇ ನೀರು ಕುಡಿದು ಗುಂಡುಕಲ್ಲಿನಂತೆ ಉಳಿದಳು.

ಬುರುಡೆಯ ಬರಹವನ್ನು ಅವಳು ಅಳಿಸದೆ ಬಿಟ್ಟಳೆಂದು ತಿಳಿಯಬೇಡಿ. ಬೆಳಿಗ್ಗೆ ಉಜ್ಜಿ ಅಳಿಸುತ್ತಿದ್ದಳು. ಮಧ್ಯಾಹ್ನ ಬಂದ ಗಾಡಿಯವರು, ಪಾಪ, ಅಕ್ಷರ ಮಾಸಿದೆಯೆಂದು ಮತ್ತೆ ತಿದ್ದಿ ಬರೆಯುತ್ತಿದ್ದರು. ಪುಣ್ಯದ ಕೆಲಸವಲ್ಲವೇ! ಅಷ್ಟರಲ್ಲಿ ಯಾವನೋ ಮಹಾಶಯ ಅದನ್ನು ದಾರಿ ತೋರಿಸುವ ಪುಸ್ತಕಕ್ಕೆ ಸೇರಿಸಿ ಅಚ್ಚು ಹಾಕಿಸಿದ. ಅಚ್ಚಾದ ಮೇಲೆ ಕೇಳಬೇಕೇ?

ನಮ್ಮ ಗಾಡಿಗಳು ಬಂದದ್ದು ೧೮೫೪ರಲ್ಲಿ. ನನಗೆ ಆರು ವರ್ಷ. ಬಾಯಾರಿಕೆಯಿಂದ ನನ್ನ ನಾಲಿಗೆ ಊದಿ ಬಾಯಿಂದ ಹೊರಗೆ ಬಂದಿತ್ತಂತೆ.

“ಕುಡೀರೀ, ನಾಲ್ಕ್ ವರ್ಷದಿಂದ ನಾನ್ ಕುಡೀತಿಲ್ವೇ?” ಎಂದು ಆರ್ಫಾ ನಮ್ಮೆದುರೇ ಒಂದು ಲೋಟ ಗಟಗಟನೆ ಕುಡಿದಳು.

ನಮ್ಮ ಮುಖಂಡ ಓಬೆಡ್ ಸ್ಟ್ರಾಟನ್ ಪುಸ್ತಕ ಬಿಡಿಸಿದ. “ವಿಷ ಅಂತ ಅಚ್ಚಾಗಿದೆ, ತಾಯಿ.”

“ಮತ್ತೆ ನಾನ್ ಬದುಕಿಲ್ವೇನ್ರೀ?”

“ಅದನ್ನ ಇದ್ರಲ್ಲಿ ಹಾಕಿಲ್ಲ.”

ಅವಳು ಅಮ್ಮನ ತೊಡೆಯ ಮೇಲಿದ್ದ ನನ್ನನ್ನು ನೋಡಿದಳು. ಒಳಗೆ ಹೋಗಿ ಒಲೆಯಿಂದ ಒಂದು ಹಿಡಿ ಬೂದಿಯನ್ನು ಬಟ್ಟೆಯಲ್ಲಿ ಕಟ್ಟಿ ತಂದಳು.

“ಆಯ್ತಪ್ಪ, ವಿಷಾನೇ. ಇದು ಅದಕ್ಕೆ ಮದ್ದು. ಒಂದ್ ಚಿಟಿಕೆ ಹಾಕ್ಕೊಂಡ್ ಕುಡೀರಿ.”

“ಹಾಗಂತ ಮೊದ್ಲೇ ಹೇಳ್ಬಾರ್ದೇನಮ್ಮ!” ಎಂದು ಓಬೆಡ್ ರೇಗಿದ. ಎಲ್ಲರಿಗಿಂತ ಮೊದಲು ಲೋಟ ಒಡ್ಡಿದವನೂ ಅವನೇ.

ನಾನು ಬದುಕಿದೆ. ಅಪ್ಪ ಇಲ್ಲೇ ಗುಡಿಸಲು ಹಾಕಿದ. ಪುಸ್ತಕದ ಮುಂದಿನ ಮುದ್ರಣದಲ್ಲಿ ಮದ್ದಿನ ವಿಷಯವೂ ಸೇರಿತು. ಆಮೇಲೆ ಗಾಡಿಗಳು ಸಾಲುಗಟ್ಟಿದವು. ಆರ್ಫಾ ತಡೆಯಲಾರದೆ, “ಅಯ್ಯೋ, ಬರೀ ಬೂದಿ ಕಣ್ರೋ!” ಎಂದು ಎಷ್ಟೋ ಸಲ ಕೂಗಿದ್ದುಂಟು. “ಮದ್ದಿನ ಗುಟ್ಟು ಯಾರ್ ತಾನೇ ಬಿಟ್ಟುಕೊಡ್ತಾರೆ?” ಎಂದು ಅವರು ಕಣ್ಣು ಮಿಟುಕಿಸುತ್ತಿದ್ದರು. ಕೆಲವರಂತೂ ಬೂದಿ ಕಮ್ಮಿ ಹಾಕಿದಳೆಂದು ಜಗಳಕ್ಕೆ ನಿಂತರು. ಊರಾದ ಮೇಲೆ ಊರಿನವರೂ ಹಾಗೆಯೇ. ಹೆತ್ತ ಮಗುವಿಗೆ ಮೊದಲ ಗುಟುಕು ಕೊಡುವಾಗಲೂ ಚಿಟಿಕೆ ಬೂದಿ. ಮೂರ್ಖರು! ಪುಸ್ತಕಕ್ಕಿದ್ದ ಬೆಲೆ ಅವಳ ಮಾತಿಗಿರಲಿಲ್ಲವಲ್ಲ ಎಂದು ನನಗೆ ಈಗಲೂ ಹೊಟ್ಟೆ ಉರಿಯುತ್ತದೆ.

“ಒಬ್ರಾದ್ರೂ ನನ್ನ್ ನಂಬಿ ಬರೀ ನೀರು ಕುಡೀಲಿಲ್ವಲ್ಲೇ,” ಎಂದು ಅವಳು ನನ್ನ ಬಳಿ ಅಳುತ್ತಿದ್ದಳು.

ಹೋದ ಬೇಸಿಗೆಯಲ್ಲಿ ಹಾಸಿಗೆ ಹಿಡಿದಳು. ಎದೆಯಲ್ಲಿ ಗೊರಗೊರ ಶುರುವಾದ ದಿನ, ಬೆಳಿಗ್ಗೆಯಿಂದ ನೀರೂ ಮುಟ್ಟದೆ ಪಕ್ಕದಲ್ಲೇ ಕೂತಿದ್ದ ನನ್ನಿಂದ ಒಂದು ಲೋಟ ನೀರು ತರಿಸಿದಳು.

“ನಂಗಲ್ಲ ಕಣೇ, ನೀನ್ ಕುಡಿ. ಏನೂ ಹಾಕ್ಬೇಡ. ಅದೊಂದ್ ನೋಡಿ ಹೋಗ್ತೀನಿ.”

ಅದು ಬೂದಿಯೆಂದು ನನಗೆ ಗೊತ್ತಿಲ್ಲವೇ? ಇಪ್ಪತ್ತು ವರ್ಷ ಆ ಒಲೆಯ ಬೂದಿ ಬಳಿದವಳು ನಾನು. ಲೋಟವನ್ನು ತುಟಿಗಿಟ್ಟೆ. ಬಾಯಿ ತೆರೆಯಲಿಲ್ಲ. ಇನ್ನೊಮ್ಮೆ ಇಟ್ಟೆ. ನೀರು ಮಡಿಲಿಗೆ ಚೆಲ್ಲಿತು.

“ಒಂದೇ ಒಂದ್ ಚಿಟಿಕೆ, ಅಜ್ಜಿ,” ಎಂದೆ.

ಅವಳು ಒಲೆಯ ಕಡೆ ಕೈ ತೋರಿಸಿದಳು.

“ಹಾಕ್ಕೋ ಮಗಾ. ಬೆಳಿಗ್ಗೆಯಿಂದ ಬಾಯಾರಿದೀಯ.”