ಮಣಲಿಯ ಸಾಲಿಗೊಂದು ನಕ್ಷತ್ರ

ನಮ್ಮ ಮನೆಯ ಫ್ರಿಜ್ಜಿನಲ್ಲಿ ಮೊಸರಿದೆಯೋ ಇಲ್ಲವೋ ಎಂದು ಕೇಳಿದರೆ ನಾನು ತಡಬಡಾಯಿಸುತ್ತೇನೆ. ಆದರೆ ನಮ್ಮ ವಿಮಾ ಕಂಪನಿಯ ಯಾವ ಶಾಖೆಗೆ ಮಂಗಳವಾರ ಎಷ್ಟು ಜನ ಬಂದು ಹೋದರು ಎಂಬುದನ್ನು ಕೂತಲ್ಲಿಂದಲೇ ಹೇಳಬಲ್ಲೆ. ಹೀಗೆಂದು ಕೆಲವು ತಿಂಗಳ ಹಿಂದಿನವರೆಗೂ ನೆಂಟರಿಷ್ಟರ ಮುಂದೆ ಕೊಚ್ಚಿಕೊಳ್ಳುತ್ತಿದ್ದೆ. ಈಗ ಆ ಮಾತು ನೆನಪಾದರೆ ಕಿವಿ ಬಿಸಿಯಾಗುತ್ತದೆ. ಯಾಕೆಂದು ನಿಮಗೆ ಹೇಳಿಬಿಡುತ್ತೇನೆ. ಬೇರೆ ಯಾರಿಗೂ ಹೇಳಬೇಡಿ ಎಂದು ಕೇಳಿಕೊಳ್ಳುವ ಮುಖವೂ ನನಗಿಲ್ಲ.

ನನ್ನದು ಎಂಐಎಸ್ ವಿಭಾಗ. ಬಿಡಿಸಿ ಹೇಳಿದರೆ ಆಡಳಿತ ಮಾಹಿತಿ ವ್ಯವಸ್ಥೆ. ಬಿಡಿಸಿ ಹೇಳಿದ ಮೇಲೂ ನಮ್ಮ ನೆಂಟರಿಗೆ ಅದು ಅರ್ಥವಾಗಿಲ್ಲ. ಶಾಖೆಗಳಿಂದ ಬರುವ ಅಂಕಿಗಳನ್ನು ಸೋಸಿ, ಕೂಡಿಸಿ, ಬಣ್ಣ ಬಳಿದು ಮೇಲಿನವರ ಮುಂದಿಡುವುದು ನನ್ನ ಕೆಲಸ. ಹಸಿರು ಅಂದರೆ ಕ್ಷೇಮ, ಹಳದಿ ಅಂದರೆ ಜೋಕೆ, ಕೆಂಪು ಅಂದರೆ ಕತೆ ಮುಗಿಯಿತು. ಬಣ್ಣ ನೋಡಿ ಅವರು ನಿರ್ಧಾರ ಮಾಡುತ್ತಾರೆ.

ಹಿಂದಿನ ಕಾಲದ ರಾಜರಿಗೂ ಮಂತ್ರಿಗಳು, ಗೂಢಚಾರರು, ಓಲೆ ಹೊತ್ತು ಓಡುವವರು ಎಲ್ಲ ಇದ್ದರಲ್ಲ. ಆದರೂ ಅವರು ಮಾರುವೇಷ ಹಾಕಿ ಬೀದಿ ಸುತ್ತುತ್ತಿದ್ದರಂತೆ. ಚಿಕ್ಕಂದಿನಲ್ಲಿ ಆ ಕತೆ ಕೇಳುವಾಗ ಕಂಬಳಿ ಹೊದ್ದ ರಾಜ ಮಜವಾಗಿ ಕಾಣುತ್ತಿದ್ದ. ಪಾಪ, ಅವನಿಗೆ ತನ್ನ ಎಂಐಎಸ್ ಮೇಲೆ ಅನುಮಾನವಿತ್ತು ಎಂಬುದು ಹೊಳೆದಿರಲಿಲ್ಲ. ನಮ್ಮ ಅವ್ವನದೂ ಅದೇ ಪದ್ಧತಿ. ಹಬ್ಬದ ದಿನ ಊಟಕ್ಕೆ ಇಷ್ಟು ಜನ ಎಂದು ಅಪ್ಪ ಹೇಳಿದರೆ ಹೂಂಗುಟ್ಟಿ, ಆಮೇಲೆ ತಾನೇ ಬಾಗಿಲಿಗೆ ಬಂದು, ಹೊರಗೆ ಬಿಟ್ಟ ಚಪ್ಪಲಿ ಎಣಿಸಿಕೊಂಡು ಹೋಗಿ ಕಣಕ ಕಲಸುತ್ತಿದ್ದಳು. ಒಮ್ಮೆಯೂ ಹೋಳಿಗೆ ಕಡಿಮೆ ಬೀಳಲಿಲ್ಲ. ಅವಳ ಮಗನಾದ ನಾನು ಶೋಳಿಂಗನಲ್ಲೂರಿನ ಆಫೀಸಿನ ಏಳನೇ ಮಹಡಿಯಲ್ಲಿ, ಎಸಿಯ ಕೆಳಗೆ ಸ್ವೆಟರ್ ಹಾಕಿಕೊಂಡು, ಕಾಣದ ಊರುಗಳ ಚಪ್ಪಲಿ ಎಣಿಸುತ್ತೇನೆ.

ನಮ್ಮಲ್ಲಿ ಜನರನ್ನು ಎಣಿಸುವುದು ಟೋಕನ್ ಯಂತ್ರ. ಶಾಖೆಗೆ ಬಂದವರು ಗುಂಡಿ ಒತ್ತಿ ಚೀಟಿ ಪಡೆದರೆ ಇಲ್ಲಿ ನನ್ನ ಪರದೆಯಲ್ಲಿ ಒಂದು ಏರುತ್ತದೆ. ಊರಿನ ಇನ್ನೊಂದು ತುದಿಯ ಮಣಲಿಯ ಸೇವಾ ಕೇಂದ್ರ ಒಂದೇ ಕೋಣೆಯದು, ಒಬ್ಬರೇ ಸಿಬ್ಬಂದಿ. ಸುತ್ತಲಿನ ಕಾರ್ಖಾನೆಗಳಲ್ಲಿ ಗುತ್ತಿಗೆಗೆ ದುಡಿಯುವವರು, ಗಂಡನನ್ನು ಕಳೆದುಕೊಂಡು ಕಾಗದಪತ್ರ ಹಿಡಿದು ಬರುವ ಹೆಂಗಸರು ಅಲ್ಲಿಯ ಗಿರಾಕಿಗಳು. ಆ ಕೇಂದ್ರದ ಅಂಕಿ ಇದ್ದಕ್ಕಿದ್ದ ಹಾಗೆ ಸೊನ್ನೆಗಿಳಿಯಿತು. ಮೂರನೇ ತಿಂಗಳು ಅಲ್ಲಿಂದ ಒಂದು ಫೋನ್ ಬಂತು.

ಆ ಒಬ್ಬರೇ ಸಿಬ್ಬಂದಿ, ಗಿರಿಜಾ ಎಂಬ ಹೆಣ್ಣುಮಗಳು, ತಮಿಳಿನಲ್ಲಿ ಶುರು ಮಾಡಿ, ನನ್ನ ಹೆಸರು ಕೇಳುತ್ತಲೇ ಕನ್ನಡಕ್ಕೆ ಹೊರಳಿದರು. ಅವರ ತಾತ ರೈಲ್ವೆ ಕೆಲಸಕ್ಕೆಂದು ಅರಸೀಕೆರೆ ಕಡೆಯಿಂದ ಬಂದವರಂತೆ. ಯಂತ್ರ ಕೆಟ್ಟಿದೆ, ಎಷ್ಟು ಬರೆದರೂ ರಿಪೇರಿಯವರು ಬಂದಿಲ್ಲ, ಜನ ಮಾತ್ರ ಬರುತ್ತಲೇ ಇದ್ದಾರೆ ಎಂದರು. “ಒಬ್ಬೊಬ್ರ ಪೇರೂ ನೋಟ್‌ಬುಕ್‌ನಲ್ಲಿ ಬರೆದಿಟ್ಟಿದೀನಿ ಸಾರ್. ನಿಮ್ಮ ರಿಪೋರ್ಟ್ ಕೆಳಗೆ ಒಂದು ನೋಟ್ ಹಾಕ್ಬಿಡಿ, ಪೋದುಂ.” ಪೇರು ಅಂದರೆ ಹೆಸರು, ಪೋದುಂ ಅಂದರೆ ಅಷ್ಟು ಸಾಕು. ಈ ತಮಿಳು ಊರಿನಲ್ಲಿ ಆಫೀಸಿನ ಫೋನಿನಲ್ಲಿ ಕನ್ನಡ ಕೇಳುವುದೇ ಅಪರೂಪ. ನಾನು ಖುಷಿಯಿಂದ ಉಬ್ಬಿ, ಚಿಂತೆ ಬಿಡಿ ತಾಯಿ, ನಾನಿದ್ದೇನೆ ಎಂದೆ.

ಹಾಕಿಯೂ ಹಾಕಿದೆ. ಮಣಲಿಯ ಸಾಲಿನಲ್ಲಿ ಸೊನ್ನೆಯ ಪಕ್ಕ ಒಂದು ನಕ್ಷತ್ರದ ಗುರುತು, ಹಾಳೆಯ ಬುಡದಲ್ಲಿ ಇರುವೆ ಸಾಲಿನಂಥ ಅಕ್ಷರದಲ್ಲಿ ಒಂದು ವಾಕ್ಯ: ಯಂತ್ರ ಕೆಟ್ಟಿದೆ, ಈ ಅಂಕಿ ನಿಜವಲ್ಲ. ಮೇಲಿನವರ ತಿಂಗಳ ಸಭೆಯ ಹಿಂದಿನ ದಿನ ನಮ್ಮ ಜನರಲ್ ಮ್ಯಾನೇಜರು ಅದನ್ನು ನೋಡಿ, ಸ್ಲೈಡ್ ಕ್ಲೀನ್ ಆಗಿರಲಿ, ಇಂಥದ್ದೆಲ್ಲ ಇದ್ದರೆ ಪ್ರಶ್ನೆಗಳು ಬರುತ್ತವೆ ಎಂದರು. ಪ್ರಶ್ನೆ ಬರಲಿ ಎಂದೇ ಹಾಕಿದ್ದು ಎನ್ನಬಹುದಿತ್ತು. ಅನ್ನಲಿಲ್ಲ. ನಕ್ಷತ್ರವನ್ನೂ ಬುಡದ ವಾಕ್ಯವನ್ನೂ ಅಳಿಸಿದೆ. ಬಡ್ತಿಯ ಪಟ್ಟಿಯಲ್ಲಿ ನನ್ನ ಹೆಸರು ಓಡಾಡುತ್ತಿದ್ದ ಕಾಲ ಅದು.

ಸಭೆಯಲ್ಲಿ ಮಣಲಿಯ ಸರದಿ ಬಂದಾಗ ಚಹಾ ಇನ್ನೂ ಬಿಸಿಯಾಗಿತ್ತು. ಕೆಂಪು ಚೌಕ ನೋಡಿ ನಿರ್ದೇಶಕರು, ಇದಕ್ಕೇನಾದರೂ ವಿಶೇಷ ಕಾರಣ ಇದೆಯೇ ಎಂದು ನೇರವಾಗಿ ನನ್ನನ್ನೇ ಕೇಳಿದರು. ಒಳ್ಳೆಯ ಮನುಷ್ಯ, ಕೇಳಬೇಕಾದ್ದನ್ನು ಕೇಳಿದ್ದರು. “ಡೇಟಾ ಇಷ್ಟೇ ಹೇಳುತ್ತೆ, ಸರ್” ಎಂದೆ. ಸುಳ್ಳಲ್ಲ ನೋಡಿ, ಡೇಟಾ ಅಷ್ಟೇ ಹೇಳುತ್ತಿತ್ತು. ಉಳಿದದ್ದನ್ನು ಹೇಳಬೇಕಾದವನು ನಾನಾಗಿದ್ದೆ. ಚಹಾ ಆರುವ ಮೊದಲೇ ಕೇಂದ್ರ ಮುಚ್ಚುವುದೆಂದು ತೀರ್ಮಾನವಾಯಿತು.

ಆವತ್ತು ಮನೆಯಲ್ಲಿ ಊಟಕ್ಕೆ ಕೂತು, ನನ್ನ ಒಂದು ಸ್ಲೈಡಿನ ಮೇಲೆ ಎಂಥ ನಿರ್ಧಾರವಾಯಿತು ಗೊತ್ತಾ ಎಂದು ಜಂಬ ಪಟ್ಟೆ. ಒಂಬತ್ತನೇ ತರಗತಿಯ ಮಗಳಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ತಮಿಳಿನಲ್ಲಿ. ತಟ್ಟೆಯಿಂದ ಕಣ್ಣೆತ್ತದೆ ಕೇಳಿದಳು: “ನೀ ಅಂಗೆ ಪೋಯಿ ಪಾತ್ತಿಯಾಪ್ಪಾ?” ನೀನು ಅಲ್ಲಿಗೆ ಹೋಗಿ ನೋಡಿದೆಯಾ ಎಂದು. ಹೋಗುವುದೇನು ಬಂತು, ಅದಕ್ಕೇ ಅಲ್ಲವೇ ಸಿಸ್ಟಂ ಇರುವುದು ಎಂದು ಗದರಿದೆ. ಅಣ್ಣಾ ನಗರದ ನಮ್ಮ ಮನೆಗೆ ನಾನು ದಿನಾ ಹೋಗುವ ಶೋಳಿಂಗನಲ್ಲೂರಿಗಿಂತ ಮಣಲಿಯೇ ಹತ್ತಿರ ಎಂಬುದನ್ನು ಅವಳಿಗೆ ಹೇಳಲಿಲ್ಲ.

ಕೇಂದ್ರ ಮುಚ್ಚಿದ ಮೇಲೆ ಒಂದು ಶನಿವಾರ ಬೆಳಿಗ್ಗೆ, ಮಾರುವೇಷವೇನೂ ಇಲ್ಲದೆ, ಸ್ಕೂಟರಿನಲ್ಲಿ ಮಣಲಿಗೆ ಹೋದೆ. ಟ್ಯಾಂಕರ್ ಲಾರಿಗಳ ನಡುವೆ ಬಾಗಿಲು ಹುಡುಕುವುದೇನೂ ಕಷ್ಟವಾಗಲಿಲ್ಲ. ಶಟರಿನ ಮೇಲೆ ಆ್ಯಪ್ ಬಳಸಿ ಎಂಬ ನೋಟೀಸು. ಅದರ ಕೆಳಗೆ ಮೆಟ್ಟಿಲ ಮೇಲೆ ಒಬ್ಬ ಅಜ್ಜಿ, ಮಡಿಲಲ್ಲಿ ಪ್ಲಾಸ್ಟಿಕ್ ಚೀಲ, ಚೀಲದಲ್ಲಿ ಮಗನ ಮರಣ ಪ್ರಮಾಣಪತ್ರ. ಗಿರಿಜಮ್ಮ ಇವತ್ತೂ ಬರುವುದಿಲ್ಲವೇ ಎಂದು ನನ್ನನ್ನು ಕೇಳಿದರು. ಇದು ಅವರು ಬಂದ ಮೂರನೇ ಸಲವಂತೆ. ಓದು ಬಾರದವರಿಗೆ ನೋಟೀಸು ಹಚ್ಚಿದ ಬುದ್ಧಿವಂತಿಕೆಯ ಬೇರು ನನ್ನ ಮೇಜಿನ ಮೇಲಿದೆ ಎಂದು ಅವರಿಗೆ ಹೇಗೆ ಹೇಳಲಿ? ಚೀಲದ ಕಾಗದಗಳನ್ನು ಇಸಿದುಕೊಂಡು, ಸೋಮವಾರ ಆಫೀಸಿನಲ್ಲಿ ನಾನೇ ಸಲ್ಲಿಸಿದೆ. ಕಾಗದ ಕೊಡುವಾಗ ಅವರು ಎರಡೂ ಕೈಯೆತ್ತಿ ಮುಗಿದದ್ದು ಮಾತ್ರ ತಡೆಯಲಾಗಲಿಲ್ಲ.

ಮುಚ್ಚಿದ ಕೇಂದ್ರದ ಸಿಬ್ಬಂದಿಯನ್ನು ಎಲ್ಲಿಗೆ ಹಾಕುತ್ತಾರೆ? ನಮ್ಮ ಕಂಪನಿಗೆ ತಮಾಷೆಯ ಪ್ರಜ್ಞೆಯಿದೆ. ಗಿರಿಜಾ ಅವರನ್ನು ನನ್ನ ವಿಭಾಗಕ್ಕೇ ಹಾಕಿದರು. ಎರಡು ಬಸ್ಸು, ಒಂದು ಶೇರ್ ಆಟೋ ಹಿಡಿದು ಬಂದ ಆಕೆ ಮೊದಲ ದಿನವೇ ಆ ನೋಟ್‌ಬುಕ್ ತಂದು ನನ್ನ ಮೇಜಿನ ಮೇಲಿಟ್ಟರು. ಪುಟ ತುಂಬ ಹೆಸರುಗಳು, ಪ್ರತಿ ಹೆಸರಿನ ಎದುರಿಗೆ ಅವರು ಬಂದ ಕೆಲಸ. ಅಜ್ಜಿಯ ಹೆಸರೂ ಇತ್ತು. ನಾನು ಹಾಳೆ ತಿರುಗಿಸುತ್ತ ಕಾಲ ತಳ್ಳಿದೆ.

“ಆ ನೋಟ್ ಹಾಕಿದ್ರಾ ಸಾರ್?”

ಕೇಳಿದ ಧಾಟಿಯಲ್ಲಿ ಕೋಪವಿರಲಿಲ್ಲ. ಹಾಕಿಯೂ ಮೇಲಿನವರು ಓದಲಿಲ್ಲವೇನೋ ಎಂದು ಆಕೆಯೇ ನನಗೊಂದು ದಾರಿ ಮಾಡಿಕೊಟ್ಟಿದ್ದರು. ಆ ದಾರಿ ಹಿಡಿಯಲು ನಾಲಿಗೆ ಹೊರಟಿತ್ತು ಕೂಡ. ಹೇಗೋ ತಡೆದು, “ಹಾಕಿದ್ದೆ. ಆಮೇಲೆ ನಾನೇ ತೆಗೆದೆ” ಎಂದೆ. ಸಭೆಯಲ್ಲಿ ಕೇಳಿದಾಗಲೂ ಹೇಳಲಿಲ್ಲ ಎಂಬುದನ್ನೂ ಒಪ್ಪಿಕೊಂಡೆ. ನಾಚಿಕೆಯಿಂದ ಮುಖವೆತ್ತಲಾಗದೆ ಟೇಬಲ್ಲಿನ ಸ್ಟೇಪ್ಲರನ್ನು ನೋಡುತ್ತಿದ್ದೆ. ಆಕೆ ನೋಟ್‌ಬುಕ್ಕಿನ ಮೊದಲ ಪುಟ ತೆರೆದು ನನ್ನತ್ತ ತಿರುಗಿಸಿದರು.

“ಹಾಗಾದ್ರೆ ಈಗ ಹಾಕಿ ಸಾರ್.”

ಈ ತಿಂಗಳ ವರದಿಯಲ್ಲಿ ಮಣಲಿಯ ಸಾಲನ್ನು ಮತ್ತೆ ಸೇರಿಸಿದ್ದೇನೆ. ನೋಟ್‌ಬುಕ್ಕಿನಿಂದ ಗಿರಿಜಾ ಎಣಿಸಿಕೊಟ್ಟ ಅಂಕಿ, ಅದರ ಪಕ್ಕ ನಕ್ಷತ್ರ. ಮೇಲಿನವರು ಕೇಂದ್ರವನ್ನು ಮತ್ತೆ ತೆರೆಯುತ್ತಾರೋ, ನನ್ನನ್ನೇ ಮುಚ್ಚುತ್ತಾರೋ ಗೊತ್ತಿಲ್ಲ, ಸಭೆ ನಾಳಿದ್ದು. ನಕ್ಷತ್ರದ ಕೆಳಗೆ, ಹಿಂದಿನ ಅಂಕಿ ತಪ್ಪೆಂದು ತಿಳಿದಿದ್ದೂ ನಾನು ಹೇಳಲಿಲ್ಲ ಎಂದು ಬರೆದು, ಹೆಸರನ್ನೂ ಹಾಕಿ, ನಿಟ್ಟುಸಿರು ಬಿಟ್ಟು ಹಿಂದಕ್ಕೊರಗಿದೆ. ದೊಡ್ಡ ಸತ್ಯವಂತನಾದ ಹಾಗೆ ಅನಿಸುತ್ತಿತ್ತು. ಗಿರಿಜಾ ಕನ್ನಡಕ ಏರಿಸಿಕೊಂಡು ಪರದೆಯತ್ತ ಬಗ್ಗಿದರು.

“ಕಾಣ್ಸಲ್ಲ ಸಾರ್” ಎಂದರು. “ಅಕ್ಷರ ದೊಡ್ಡದು ಮಾಡಿ.”